ಕಾಡಿಗೆ ಮುಂಚಿನ ದಾರಿ: ಮಾದಪ್ಪನ ಪಾದಯಾತ್ರೆಯ ಮೊದಲ ದಿನಗಳು

ಮಾಘ ಬಹುಳ ಚತುರ್ದಶಿಯಂದು ಬರುವ ಮಹಾಶಿವರಾತ್ರಿಗೆ ಕೆಲವು ದಿನ ಮುಂಚಿತವಾಗಿಯೇ ಬೆಂಗಳೂರು ದಕ್ಷಿಣದ ಬಡಾವಣೆಗಳಿಂದಲೂ ರಾಮನಗರ, ಕನಕಪುರ ಸೀಮೆಯ ಹಳ್ಳಿಗಳಿಂದಲೂ ಮಾದಪ್ಪನ, ಅಂದರೆ ಮಹದೇಶ್ವರನ, ಒಕ್ಕಲಿನವರು ತಂಡತಂಡವಾಗಿ ಮಲೆ ಮಹದೇಶ್ವರ ಬೆಟ್ಟದತ್ತ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಬನಶಂಕರಿ, ಜೆ.ಪಿ. ನಗರದ ಕಡೆಯವರು ಕನಕಪುರ ರಸ್ತೆ ಹಿಡಿದು ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿಗಳನ್ನು ಹಾದು ಕನಕಪುರ ಸೇರಿ, ದೊಡ್ಡಆಲಹಳ್ಳಿಯ ಮಾರ್ಗವಾಗಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಇಳಿಯುತ್ತಾರೆ. ನದಿ ದಾಟಿದ ಮೇಲೆ ಕಾವೇರಿ ವನ್ಯಜೀವಿಧಾಮದ ಕಾಡು, ಬೊಮ್ಮಸಂದ್ರ, ಬಸವನಕಡು, ಶಾಗ್ಯ, ಕೌದಳ್ಳಿ, ಕೊನೆಗೆ ಬೆಟ್ಟದ ಬುಡದ ತಾಳಬೆಟ್ಟ.

ಈ ಯಾತ್ರೆಯ ವರ್ಣನೆಗಳಲ್ಲಿ ನದಿ ದಾಟುವ ಸಾಹಸಕ್ಕೆ, ಆನೆಗಳ ಕಾಡಿಗೆ, ಎಪ್ಪತ್ತೇಳು ಮಲೆಗಳ ಸಾಲಿಗೆ ಸಿಗುವ ಸ್ಥಾನ ತಲಘಟ್ಟಪುರದಿಂದ ಕನಕಪುರದವರೆಗಿನ ಸುಮಾರು 40 ಕಿಲೋಮೀಟರಿನ ಡಾಂಬರು ದಾರಿಗೆ ಸಿಕ್ಕಿಲ್ಲ. ಆದರೆ ದೀರ್ಘ ನಡಿಗೆಯನ್ನು ಒಂದು ಕಲೆಯೆಂದು ಒಪ್ಪುವುದಾದರೆ, ಆ ಕಲೆಯ ಕಠಿಣ ಪಾಠಗಳೆಲ್ಲ ಇರುವುದು ಈ ಮೊದಲ ದಾರಿಯಲ್ಲೇ. ಮೆಟ್ರೊ ಹಸಿರು ಮಾರ್ಗದ ಕಂಬಗಳು ತಲಘಟ್ಟಪುರವನ್ನು ದಾಟಿ ರೇಷ್ಮೆ ಸಂಸ್ಥೆಯ ನಿಲ್ದಾಣದಲ್ಲಿ ಮುಗಿದ ಮೇಲೂ ರಸ್ತೆ ನಗರದ್ದೇ ಆಗಿರುತ್ತದೆ, ಮೈಯಲ್ಲಿ ಹುರುಪು ತುಂಬಿರುತ್ತದೆ, ಉಘೇ ಉಘೇ ಎಂಬ ಕೂಗಿಗೆ ಕಾಲು ತಾನಾಗಿ ಬೀಸುಬೀಸಾಗಿ ಹೋಗುತ್ತದೆ. ಆ ಬೀಸನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದು ಬಲ್ಲವರ ಲಕ್ಷಣ.

ಇದಕ್ಕೆ ಶರೀರಶಾಸ್ತ್ರದ ಆಧಾರವಿದೆ. ಇಳಿಜಾರಿನಲ್ಲಿ ನಡೆಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ ಅವುಗಳ ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕುಗಳು ಉಂಟಾಗುತ್ತವೆ. ಅದರ ನೋವು ಆ ದಿನ ಕಾಣಿಸಿಕೊಳ್ಳದೆ ಒಂದರಿಂದ ಮೂರು ದಿನಗಳೊಳಗೆ ಹೆಚ್ಚು ಬಾಧಿಸುತ್ತದೆ. ಹೀಗಾಗಿ ಹೊರಟ ದಿನಕ್ಕಿಂತ ಎರಡನೆಯ, ಮೂರನೆಯ ಬೆಳಗಿನಲ್ಲಿ ಎದ್ದು ನಿಲ್ಲುವುದೇ ಕಷ್ಟ. ಒಮ್ಮೆ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯು ಅಷ್ಟೇ ದುಡಿಮೆಗೆ ಮತ್ತೆ ಅಷ್ಟು ನೋಯುವುದಿಲ್ಲ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ಅಂದರೆ ಸ್ನಾಯುರಜ್ಜು, ಹದಗೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕು. ಉಸಿರು ಬೇಗ ಪಳಗುತ್ತದೆ, ಕೀಲುಗಳು ತಡವಾಗಿ ಪಳಗುತ್ತವೆ, ಈ ಅಂತರದಲ್ಲಿಯೇ ಬಹಳ ಮಂದಿ ಮಂಡಿ, ಹಿಮ್ಮಡಿ ಕೆಡಿಸಿಕೊಳ್ಳುತ್ತಾರೆ.

ಪಾದದ ಕಷ್ಟವೇ ಬೇರೆ. ಬೆವರಿನಿಂದ ನೆನೆದ ಚರ್ಮವು ಚಪ್ಪಲಿಯ ಪಟ್ಟಿಗೋ ಬಿಸಿ ಡಾಂಬರಿಗೋ ಅಂಟಿಕೊಂಡು, ಒಳಗಿನ ಮೂಳೆ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಸರಿಯುವಾಗ ಚರ್ಮದ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಆ ಸಂದಿಯಲ್ಲಿ ನೀರು ತುಂಬಿದಾಗ ಬೊಬ್ಬೆ ಏಳುತ್ತದೆ. ಬೊಬ್ಬೆಗೆ ಮುಂಚೆ ಆ ಜಾಗ ಕೆಂಪಾಗಿ ಉರಿಯುತ್ತದೆ, ಆ ಉರಿ ಕಂಡೊಡನೆ ಕೂತು, ಪಾದ ಒರೆಸಿ, ಬಟ್ಟೆಯ ಪಟ್ಟಿ ಸುತ್ತಿದರೆ ಅಷ್ಟಕ್ಕೇ ನಿಲ್ಲುತ್ತದೆ. ಎದ್ದೇಬಿಟ್ಟ ಬೊಬ್ಬೆಗೆ ಸೂಜಿಯಲ್ಲಿ ದಾರ ಹಾಯಿಸಿ, ನೀರು ಒಸರಲೆಂದು ದಾರವನ್ನು ಒಳಗೇ ಬಿಡುವ ರೂಢಿ ಯಾತ್ರಿಕರಲ್ಲಿದೆ; ನಂಜೇರುವ ಭಯದಿಂದ ವೈದ್ಯರು ದಾರ ಬಿಡುವುದನ್ನು ಒಪ್ಪುವುದಿಲ್ಲವಾದರೂ, ಮೇಲಿನ ಚರ್ಮವನ್ನು ಕೀಳಬಾರದೆಂಬ ಮಾತಿನಲ್ಲಿ ಇಬ್ಬರಿಗೂ ಒಮ್ಮತವಿದೆ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ನಡುಹಗಲಿನ ರಸ್ತೆ ಕಾದ ಹೆಂಚು. ಆದ್ದರಿಂದ ಕೋಳಿ ಕೂಗುವ ಹೊತ್ತಿಗೆ ಹೊರಟು, ಬಿಸಿಲೇರುತ್ತಲೇ ನೆರಳು ಸೇರಿ, ಇಳಿಹೊತ್ತಿನಲ್ಲಿ ಮತ್ತೆ ನಡೆಯುವುದು ಲೇಸು. ರಸ್ತೆ ಅಗಲವಾದಂತೆಲ್ಲ ಸಾಲುಮರಗಳು ಹೋದದ್ದು ವಾಹನದಲ್ಲಿ ಹೋಗುವವರಿಗೆ ಕಾಣದ, ನಡೆಯುವವರಿಗೆ ಮಾತ್ರ ತಟ್ಟುವ ದೊಡ್ಡ ನಷ್ಟ.

ಆರಂಭವೇ ನಿರ್ಣಾಯಕವೆಂಬುದಕ್ಕೆ ಹೊರನಾಡಿನ ಸಾಕ್ಷಿಯೂ ಇದೆ. ಅಮೆರಿಕದ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಹಬ್ಬಿರುವ ಅಪಲೇಚಿಯನ್ ಕಾಲುದಾರಿಯನ್ನು 1948ರಲ್ಲಿ ಅರ್ಲ್ ಶಾಫರ್ ಎಂಬವರು ಒಂದೇ ಋತುವಿನಲ್ಲಿ ನಡೆದು ಮುಗಿಸಿದಂದಿನಿಂದ ಅಲ್ಲಿಗೆ ವರ್ಷವರ್ಷವೂ ನಡಿಗೆಗಾರರು ಬರುತ್ತಾರೆ. ಹೊರಟವರಲ್ಲಿ ತುದಿ ಮುಟ್ಟುವವರು ಸುಮಾರು ನಾಲ್ವರಲ್ಲಿ ಒಬ್ಬರು. ದಕ್ಷಿಣದ ತುದಿಯಾದ ಸ್ಪ್ರಿಂಗರ್ ಬೆಟ್ಟದಿಂದ 50 ಕಿಲೋಮೀಟರ್ ನಡೆದರೆ ಸಿಗುವ ನೀಲ್ಸ್ ಗ್ಯಾಪ್ ಎಂಬ ಕಣಿವೆಯ ಅಂಗಡಿಯಲ್ಲಿ ಅನೇಕರು ಚೀಲ ಬಿಚ್ಚಿ, ಬೇಡದ್ದನ್ನೆಲ್ಲ ಆರಿಸಿ ಮನೆಗೆ ಕಳಿಸಿಬಿಡುತ್ತಾರೆ. ಮಾದಪ್ಪನ ದಾರಿಯವರು ಈ ವಿಷಯದಲ್ಲಿ ಮೊದಲೇ ಹಗುರ. ಒಂದು ಹೊದಿಕೆ, ಒಂದು ಜೊತೆ ಬಟ್ಟೆ, ಹೆಗಲಿಗೊಂದು ಚೀಲ ಇಷ್ಟೇ ಸಾಕಾಗುವುದು ದಾರಿಯುದ್ದಕ್ಕೂ ಅರವಟ್ಟಿಗೆಗಳು, ಅಂದರೆ ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕ ಕೊಡುವ ಚಪ್ಪರಗಳು, ಮತ್ತು ಅನ್ನಸಂತರ್ಪಣೆ ನಡೆಯುವ ತಾಣಗಳು ಇರುವುದರಿಂದ. ಗುರುತು ಪರಿಚಯವಿಲ್ಲದವರ ಕಾಲಿಗೆ ಕೂತು ಎಣ್ಣೆ ತಿಕ್ಕುವ ಜನ ಇರುವವರೆಗೆ ಯಾತ್ರಿಕನ ಬೆನ್ನ ಮೇಲಿನ ಹೊರೆಯನ್ನು ಊರುಗಳೇ ಹೊತ್ತಿರುತ್ತವೆ. ಯಾವ ದೇಶದ ನಡಿಗೆಯ ಸಂಪ್ರದಾಯಕ್ಕೆ ಹೋಲಿಸಿದರೂ ಇದು ಹೆಮ್ಮೆಪಡತಕ್ಕ ಏರ್ಪಾಡು.

ತಂಡದ ವೇಗವನ್ನು ನಿರ್ಧರಿಸುವುದಕ್ಕೆ ಹಾಡಿಗಿಂತ ಒಳ್ಳೆಯ ಅಳತೆ ಇಲ್ಲ. ಮಹದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು, ಕೈಯಲ್ಲಿ ಕಂಚಿನ ತಾಳವಾದ ಕಂಸಾಳೆ ಹಿಡಿದವರು. ಅವರ ಹಾಡಿನಲ್ಲಿ ಮಾದಪ್ಪ ತಾನೂ ಊರೂರು, ಕಾಡುಮೇಡು ನಡೆದವನೇ. ಮುಂದಿನವರು ಹೇಳಿದ ಸೊಲ್ಲಿಗೆ ಹಿಂದಿನವರು ಏದುಸಿರಿಲ್ಲದೆ ದನಿಗೂಡಿಸುವಂತಿದ್ದರೆ ನಡಿಗೆ ಹದದಲ್ಲಿದೆ ಎಂದರ್ಥ, ಸೊಲ್ಲು ತುಂಡಾದರೆ ವೇಗ ತಗ್ಗಿಸಬೇಕು.

ಮೊದಲ ದಿನಗಳನ್ನು ಹೀಗೆ ತಾಳ್ಮೆಯಿಂದ ಕಳೆದವರು ಸಂಗಮದಲ್ಲಿ ಹೊಳೆಗೆ ಇಳಿಯುವಾಗ, ಪಾಚಿಗಟ್ಟಿದ ಬಂಡೆಯ ಮೇಲೆ ಪಾದ ಊರಿ, ಸೆಳವಿಗೆ ಎದುರಾಗಿ ಮೈಯನ್ನು ವಾಲಿಸಿ ನಿಲ್ಲುವ ಶಕ್ತಿಯನ್ನು ಉಳಿಸಿಕೊಂಡಿರುತ್ತಾರೆ. ಆಚೆ ದಡದ ಕಾಡಿನಲ್ಲಿ ಸಮತಟ್ಟಾದ ಡಾಂಬರಿಲ್ಲ, ಕಲ್ಲು, ಜಲ್ಲಿ, ಬೇರು, ಏರಿಳಿತಗಳೇ ಎಲ್ಲ; ಅಂಗಡಿಯಾಗಲಿ ಅರವಟ್ಟಿಗೆಯಾಗಲಿ ಹೆಜ್ಜೆಹೆಜ್ಜೆಗೆ ಸಿಗುವುದಿಲ್ಲ; ಕತ್ತಲಾಗುವ ಮುನ್ನ ಗುಂಪು ಚದುರದೆ ಕಾಡು ದಾಟಲೇಬೇಕು. ಕಾಲಿನ ನೋವಿನತ್ತ ಗಮನ ಹರಿಯದವರಿಗೆ ಮಾತ್ರ ದಾರಿಯಲ್ಲಿ ಬಿದ್ದ ಆನೆಯ ಲದ್ದಿ ಇನ್ನೂ ಹಸಿಯಾಗಿದೆಯೇ, ಒಣಗಿದೆಯೇ ಎಂದು ನೋಡುವ ವ್ಯವಧಾನ ಇರುತ್ತದೆ.