ದೋಣಿಯೇ ಮನೆ, ಮನೆಮಂದಿಯೇ ಅಂಬಿಗರು

ಕಾಶ್ಮೀರವೆಂದರೆ ನಮ್ಮ ಕಣ್ಣ ಮುಂದೆ ಬರುವುದು ದಾಲ್ ಸರೋವರ, ಅದರ ದಂಡೆಗೆ ಕಟ್ಟಿದ ಹೌಸ್‌ಬೋಟ್, ಶಿಕಾರಾದಲ್ಲಿ ಕುಳಿತ ಸಿನಿಮಾ ನಾಯಕಿ. ಆ ಚಿತ್ರದಲ್ಲಿ ಹುಟ್ಟು ಹಾಕುವವನ ಮುಖ ಯಾರಿಗೂ ನೆನಪಿರುವುದಿಲ್ಲ. ಹೌಸ್‌ಬೋಟ್ ಬರುವುದಕ್ಕೂ ಎಷ್ಟೋ ಮೊದಲಿನಿಂದ ಆ ನೀರಿನ ಮೇಲೆಯೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮುಪ್ಪಾದವರು ಅವನ ಜನ. ಅವರನ್ನು ಹಾಂಜಿಗಳು ಎನ್ನುತ್ತಾರೆ. ಇಂದಿನ ಮಾತು ಹತ್ತೊಂಬತ್ತನೆಯ ಶತಮಾನದ ಹಾಂಜಿ ಮೀನುಗಾರ ಮತ್ತು ಅವನ ಸಂಸಾರವನ್ನು ಕುರಿತದ್ದು.

ಹಾಂಜಿಗಳಲ್ಲಿ ಎಲ್ಲರೂ ಮೀನು ಹಿಡಿಯುವವರಲ್ಲ. 1889ರಿಂದ 1895ರವರೆಗೆ ಕಾಶ್ಮೀರದಲ್ಲಿ ಭೂಕಂದಾಯದ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ ತನ್ನ ‘ದಿ ವ್ಯಾಲಿ ಆಫ್ ಕಾಶ್ಮೀರ್’ ಪುಸ್ತಕದಲ್ಲಿ ಅವರ ಒಳಪಂಗಡಗಳನ್ನು ವಿವರಿಸಿದ್ದಾನೆ. ದಾಲ್‌ನ ತೇಲುವ ತೋಟಗಳಲ್ಲಿ ತರಕಾರಿ ಬೆಳೆಯುವವರು ಡೆಂಬ್ ಹಾಂಜಿಗಳು. ವೂಲರ್ ಸರೋವರದಲ್ಲಿ ಸಿಂಘಾಡ ಕೀಳುವವರು ಗಾರಿ ಹಾಂಜಿಗಳು. ಪ್ರಯಾಣಿಕರನ್ನು ಡೂಂಗಾ ದೋಣಿಯಲ್ಲಿ ಸಾಗಿಸುವವರು ಬೇರೆ, ನದಿಯಲ್ಲಿ ತೇಲಿಬರುವ ಸೌದೆ ಹಿಡಿಯುವವರು ಬೇರೆ. ಬಲೆ ಬೀಸುವ ಮೀನುಗಾರನಿಗೆ ಗಾಡ ಹಾಂಜಿ ಎಂದು ಹೆಸರು. ಗಾಡ ಎಂದರೆ ಕಾಶ್ಮೀರಿಯಲ್ಲಿ ಮೀನು. ನೀರಿನ ಮೇಲೂ ಮೇಲುಕೀಳು ತಪ್ಪಿದ್ದಲ್ಲ. ತರಕಾರಿ ಬೆಳೆಯುವವನಿಗೆ ಇದ್ದ ಮಾನ ಮೀನು ಹಿಡಿಯುವವನಿಗೆ ಇರಲಿಲ್ಲ. ಆದರೆ ತಮ್ಮ ಮೂಲಪುರುಷ ಯಾರೆಂದು ಕೇಳಿದರೆ ಹಾಂಜಿಗಳು ಹೇಳುತ್ತಿದ್ದುದು ಪ್ರವಾದಿ ನೋಹನ ಹೆಸರನ್ನು. ಮಹಾಪ್ರಳಯದಲ್ಲಿ ದೋಣಿ ಕಟ್ಟಿ ಜೀವಕುಲವನ್ನು ಉಳಿಸಿದವನಿಗಿಂತ ದೊಡ್ಡ ಅಂಬಿಗ ಯಾರಿದ್ದಾನೆ?

ದೇವದಾರು ಹಲಗೆಗಳಿಂದ ಮಾಡಿದ, ಚಪ್ಪಟೆ ತಳದ, ಜೊಂಡಿನ ಚಾಪೆ ಹೊದಿಸಿದ ಉದ್ದನೆಯ ದೋಣಿ. ಹಿಂಭಾಗದಲ್ಲಿ ಮಣ್ಣಿನ ಒಲೆ, ನಾಲ್ಕು ಪಾತ್ರೆ, ಭತ್ತ ಕುಟ್ಟುವ ಮರದ ಒರಳು. ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ಚಳಿಗಾಲದಲ್ಲಿ ಸರೋವರದ ಅಂಚು ಹೆಪ್ಪುಗಟ್ಟಿದರೂ ದೋಣಿ ಬಿಟ್ಟು ಹೋಗಲು ಬೇರೆ ಮನೆಯಿಲ್ಲ. ಕೆಂಡ ತುಂಬಿದ ಕಾಂಗಡಿಯನ್ನು ನಿಲುವಂಗಿಯ ಒಳಗಿಟ್ಟುಕೊಂಡು ರಾತ್ರಿ ಕಳೆಯಬೇಕು. ಹೀಗಾಗಿ ಸಂಸಾರ ಬೇರೆ, ಕಸುಬು ಬೇರೆ ಎನ್ನುವಂತಿರಲಿಲ್ಲ. ನೀರಿನ ಹರಿವಿಗೆ ಎದುರಾಗಿ ಸಾಗಬೇಕಾದಾಗ ಗಂಡ, ಹೆಂಡತಿ, ಮಕ್ಕಳು ದಡಕ್ಕಿಳಿದು ಹಗ್ಗ ಹಿಡಿದು ದೋಣಿ ಎಳೆಯುತ್ತಿದ್ದರು. ಹೃದಯದ ಆಕಾರದ ಹುಟ್ಟನ್ನು ಹೆಣ್ಣುಮಕ್ಕಳೂ ಹಿಡಿಯುತ್ತಿದ್ದರು. ಹಿಡಿದ ಮೀನನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಶ್ರೀನಗರದ ಬೀದಿಗಳಲ್ಲಿ ಮಾರುವುದಂತೂ ಹೆಂಗಸರದೇ ಕೆಲಸ. ಬೆಲೆ ಕುದುರಿಸುವವಳು, ಹಣ ಎಣಿಸುವವಳು ಅವಳೇ.

ಇಂಥ ಹೆಂಗಸರ ಬಾಯಿ ಜೋರಾಗಿದ್ದರೆ ಆಶ್ಚರ್ಯವೇನಿಲ್ಲ. ಹಾಂಜಿಗಳ ಜಗಳ ಕಾಶ್ಮೀರದಲ್ಲಿ ಗಾದೆಯಾಗುವಷ್ಟು ಪ್ರಸಿದ್ಧ. ಅಕ್ಕಪಕ್ಕದ ದೋಣಿಗಳ ನಡುವೆ ಹತ್ತಿದ ಜಗಳ ಕತ್ತಲಾದರೂ ಮುಗಿಯದಿದ್ದರೆ ಅಕ್ಕಿಯ ಬುಟ್ಟಿಯೊಂದನ್ನು ಬೋರಲು ಹಾಕಿ ಮಲಗುತ್ತಿದ್ದರಂತೆ. ಬೆಳಗಾದ ಮೇಲೆ ಬುಟ್ಟಿಯನ್ನು ನೆಟ್ಟಗಿಟ್ಟು ನಿನ್ನೆ ಬಿಟ್ಟಲ್ಲಿಂದ ಮುಂದುವರಿಕೆ! ಲಾರೆನ್ಸ್ ಇದನ್ನು ತಮಾಷೆಯಾಗಿ ಬರೆದಿದ್ದಾನೆ. ಆದರೆ ಗೋಡೆಯಿಲ್ಲದ ಮನೆಯಲ್ಲಿ, ಮುನಿಸಿಕೊಂಡು ಹೊರಟುಹೋಗಲು ಅಂಗಳವೂ ಇಲ್ಲದ ಕಡೆ, ಜಗಳಕ್ಕೂ ಒಂದು ವೇಳಾಪಟ್ಟಿ ಇರಲೇಬೇಕಲ್ಲವೆ?

ಮೀನು ಹಿಡಿಯುವ ಬಗೆ ಹಲವು. ಬೀಸುಬಲೆ ಸಾಮಾನ್ಯವಾದದ್ದು. ಅದಕ್ಕಿಂತ ಕುತೂಹಲದ್ದು ಭರ್ಜಿಯ ಬೇಟೆ. ಮೀನುಗಾರ ದೋಣಿಯ ಅಂಚಿನಲ್ಲಿ ಬಾಗಿ, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ನೀರಿನ ಮೇಲೆ ನೆರಳು ಮಾಡಿಕೊಳ್ಳುತ್ತಾನೆ. ಬಿಸಿಲಿನ ಹೊಳಪು ಮಾಯವಾಗಿ ತಳದವರೆಗೂ ಕಾಣುತ್ತದೆ. ಆಗ ಉದ್ದನೆಯ ಕೋಲಿನ ತುದಿಯ ಮೊನೆಗಳಿಂದ ಮೀನನ್ನು ಇರಿಯುತ್ತಾನೆ. ಶ್ರೀನಗರದ ಪಕ್ಕದ ಆಂಚಾರ್ ಸರೋವರದಲ್ಲಿ ಈ ವಿದ್ಯೆ ಇತ್ತೀಚಿನವರೆಗೂ ಕಾಣಸಿಗುತ್ತಿತ್ತು.

ಮೀನಿನಷ್ಟೇ ಮುಖ್ಯವಾದದ್ದು ಸಿಂಘಾಡ, ನೀರಿನಲ್ಲಿ ಬೆಳೆಯುವ ಮುಳ್ಳುಕಾಯಿ. ಒಣಗಿಸಿ, ಸಿಪ್ಪೆ ತೆಗೆದು, ಬೀಸಿದರೆ ಹಿಟ್ಟು. 1822-23ರಲ್ಲಿ ಕಾಶ್ಮೀರದಲ್ಲಿದ್ದ ಪ್ರವಾಸಿ ವಿಲಿಯಂ ಮೂರ್‌ಕ್ರಾಫ್ಟ್, ಕಡಿಮೆಯೆಂದರೂ 30,000 ಜನ ವರ್ಷದ ಐದು ತಿಂಗಳು ಹೆಚ್ಚುಕಡಿಮೆ ಇದನ್ನೇ ತಿಂದು ಬದುಕುತ್ತಾರೆ ಎಂದು ದಾಖಲಿಸಿದ. ಯಾರೂ ಬಿತ್ತದ, ಯಾರೂ ಉಳದ ಈ ಬೆಳೆಗೂ ಸರ್ಕಾರ ಕಂದಾಯ ಎತ್ತುತ್ತಿತ್ತು. ಮೂರ್‌ಕ್ರಾಫ್ಟ್ ಬಂದಾಗ ಇದ್ದದ್ದು ಸಿಖ್ಖರ ಆಳ್ವಿಕೆ. 1846ರ ಅಮೃತಸರ ಒಪ್ಪಂದದಲ್ಲಿ ಬ್ರಿಟಿಷರು 75 ಲಕ್ಷ ರೂಪಾಯಿಗೆ ಕಾಶ್ಮೀರವನ್ನು ಗುಲಾಬ್ ಸಿಂಗ್‌ಗೆ ಒಪ್ಪಿಸಿದರು. ಯಜಮಾನ ಬದಲಾದ, ಕಂದಾಯ ಬದಲಾಗಲಿಲ್ಲ.

ವೂಲರ್‌ನ ಇನ್ನೊಂದು ಭಯ ಗಾಳಿ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದಿಂದ ಥಟ್ಟನೆ ಇಳಿದು ಬರುವ ಬಿರುಗಾಳಿಗೆ ಚಪ್ಪಟೆ ತಳದ ದೋಣಿ ತಾಳುವುದಿಲ್ಲ. ಅದಕ್ಕೇ ಅಂಬಿಗರು ಮುಂಜಾವಿನಲ್ಲೇ ಸರೋವರ ದಾಟುವುದು. ಹದಿನೈದನೆಯ ಶತಮಾನದ ಸುಲ್ತಾನ ಝೈನುಲಾಬಿದಿನ್ ಸರೋವರದ ನಡುವೆ ಝೈನಾ ಲಂಕ್ ಎಂಬ ದ್ವೀಪವನ್ನೇ ಕಟ್ಟಿಸಿದ. ಗಾಳಿಗೆ ಸಿಕ್ಕ ದೋಣಿಗಳಿಗೆ ಅದೇ ಆಸರೆ. ದಡದ ಗುಡ್ಡದ ಮೇಲಿರುವ ಬಾಬಾ ಶುಕ್ರುದ್ದೀನ್ ದರ್ಗಾಕ್ಕೆ ಅಂಬಿಗರು ಹರಕೆ ಹೊರುವುದೂ ಇದೇ ಭಯದಿಂದ. ದೋಣಿ ಮುಳುಗಿದರೆ ಹೋಗುವುದು ಕಸುಬಿನ ಸಾಧನವೊಂದೇ ಅಲ್ಲ. ಮನೆ, ಒಲೆ, ಮಕ್ಕಳು ಎಲ್ಲ ಒಟ್ಟಿಗೆ.

ಆ ಶತಮಾನದ ದೊಡ್ಡ ಪೆಟ್ಟು ಮಾತ್ರ ಬಂದದ್ದು ಗದ್ದೆಯ ಕಡೆಯಿಂದ. 1877ರ ಶರತ್ಕಾಲದಲ್ಲಿ ಬಿಡದೆ ಸುರಿದ ಮಳೆಗೆ ಭತ್ತ ಕೊಳೆತು, 1879ರವರೆಗೆ ಭೀಕರ ಕ್ಷಾಮ. ಕಣಿವೆ ಬಿಟ್ಟು ಹೋಗಲು ರಹದಾರಿ ಪತ್ರ ಬೇಕಿತ್ತು. ಹಸಿದವರಿಗೆ ಅದೂ ಸುಲಭವಾಗಿ ಸಿಗಲಿಲ್ಲ. ಮೀನು ಮಾರಿ ಅಕ್ಕಿ ಕೊಳ್ಳುವ ಸಂಸಾರಕ್ಕೆ, ಅಕ್ಕಿಯೇ ಇಲ್ಲದ ಪೇಟೆಯಲ್ಲಿ ಮೀನಿನ ಬುಟ್ಟಿ ಹೊತ್ತು ತಿರುಗಿ ಏನು ಫಲ?

ಇಷ್ಟೆಲ್ಲ ದುಡಿದವನಿಗೆ ಸಿಕ್ಕ ಹೆಸರು ಒಳ್ಳೆಯದಲ್ಲ. ಯುರೋಪಿಯನ್ ಪ್ರವಾಸಿಗಳ ಪುಸ್ತಕಗಳಲ್ಲಿ ಹಾಂಜಿ ಸುಳ್ಳುಗಾರ, ಜಗಳಗಂಟ. ಇವುಗಳಲ್ಲಿ ಹೆಚ್ಚಿನವನ್ನು ಬರೆದವರು ಅವನ ದೋಣಿಯನ್ನೇ ಬಾಡಿಗೆಗೆ ಹಿಡಿದವರು ಎಂಬುದನ್ನು ಮರೆಯಬಾರದು. ಊರಿನವರೂ ಹಿಂದೆ ಬೀಳಲಿಲ್ಲ. 1890ರ ದಶಕದಲ್ಲಿ ಟಿಂಡೇಲ್ ಬಿಸ್ಕೋ ಎಂಬ ಮಿಷನರಿ ಶ್ರೀನಗರದ ತನ್ನ ಶಾಲೆಯ ಹುಡುಗರಿಗೆ ದೋಣಿ ನಡೆಸಲು ಹೇಳಿದಾಗ, ಪಂಡಿತ ಮನೆತನದ ಹುಡುಗರು ಹುಟ್ಟು ಮುಟ್ಟಲು ಒಪ್ಪಲಿಲ್ಲ. ಅದು ಹಾಂಜಿಯ ಕೆಲಸವಲ್ಲವೆ!

ಅಷ್ಟು ಹೊತ್ತಿಗೆ ದೋಣಿಯ ಬದುಕೂ ಬದಲಾಗತೊಡಗಿತ್ತು. 1890ರಲ್ಲಿ ಬಾರಾಮುಲ್ಲಾಕ್ಕೆ, 1897ರಲ್ಲಿ ಶ್ರೀನಗರಕ್ಕೆ ಗಾಡಿ ರಸ್ತೆ ಬಂತು. ನದಿಯಲ್ಲಿ ಹೋಗುತ್ತಿದ್ದ ಜನ, ಸರಕು ನಿಧಾನವಾಗಿ ರಸ್ತೆ ಹಿಡಿದವು. ಇನ್ನೊಂದೆಡೆ, ಹೊರಗಿನವರು ಕಾಶ್ಮೀರದಲ್ಲಿ ಜಮೀನು ಕೊಳ್ಳುವಂತಿರಲಿಲ್ಲವಾಗಿ ಬೇಸಿಗೆ ಕಳೆಯಲು ಬಂದ ಇಂಗ್ಲಿಷರು ನೀರಿನ ಮೇಲೆಯೇ ಮನೆ ಮಾಡಿದರು. ಚಾಪೆಯ ಗೋಡೆಗೆ ಹಲಗೆ ಬಂತು, ಕಿಟಕಿ ಬಂತು, ಡೂಂಗಾ ಹೌಸ್‌ಬೋಟ್ ಆಯಿತು. ಕೆಲವು ಹಾಂಜಿಗಳು ಹೌಸ್‌ಬೋಟಿನ ಮಾಲೀಕರಾದರು. ಅವರ ಸಂಸಾರ ಹಿಂದೆ ಕಟ್ಟಿದ ಅಡುಗೆ ದೋಣಿಗೆ ಸರಿಯಿತು.

ಮೀನುಗಾರನಿಗೆ ಈ ಭಾಗ್ಯವೂ ಬರಲಿಲ್ಲ. ಅವನ ಮೊಮ್ಮಕ್ಕಳ ಮಕ್ಕಳು ಈಗಲೂ ವೂಲರ್ ದಡದ ಹಳ್ಳಿಗಳಲ್ಲಿ ಮೀನು, ಸಿಂಘಾಡ, ತಾವರೆ ದಂಟುಗಳನ್ನೇ ನಂಬಿದ್ದಾರೆ. 1992ರ ನೆರೆಯ ಹೂಳಿನಡಿ ತಾವರೆ ಮುಚ್ಚಿಹೋಗಿ, ದಂಟು ಕೀಳುವ ಕಸುಬು ನಿಂತಿತ್ತು. ಹೂಳು ತೆಗೆದ ಕಡೆಗಳಲ್ಲಿ 2025ರ ಬೇಸಿಗೆಯಲ್ಲಿ, ಮೂರು ದಶಕಗಳ ನಂತರ, ಹೂ ಮತ್ತೆ ತಲೆಯೆತ್ತಿತು. ಅಪ್ಪ ದಂಟು ಕೀಳುತ್ತಿದ್ದುದನ್ನು ಬಾಲ್ಯದಲ್ಲಿ ಕಂಡವರು ನಡುವಯಸ್ಸಿನಲ್ಲಿ ಅದನ್ನು ನೋಡಿದರು.