ಅವಳಿ ಮಕ್ಕಳ ತೂಕವೂ ಬುದ್ಧಿಯೂ



ಸುಮಾರು ನೂರು ಹೆರಿಗೆಗಳಿಗೆ ಒಂದರಂತೆ ಅವಳಿ ಮಕ್ಕಳು ಜನಿಸುವುದುಂಟು. ಜೋಡಿ ಬಾಳೆಹಣ್ಣು ತಿಂದವಳಿಗೆ ಅವಳಿ ಹುಟ್ಟುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಗರ್ಭಿಣಿಯರು ಆ ಹಣ್ಣನ್ನು ನಿರ್ಭಯವಾಗಿ ತಿನ್ನಬಹುದು. ಆದರೆ ಇಂದು ನಾನು ಹೇಳಬಯಸುವ ನಂಬಿಕೆ ಅಷ್ಟು ನಿರುಪದ್ರವಿಯಾದುದಲ್ಲ. ಅವಳಿಗಳಲ್ಲಿ ಒಂದು ದುಂಡಗೆ, ಇನ್ನೊಂದು ಸಣಕಲಾಗಿ ಹುಟ್ಟಿದಾಗ, ಮನೆಯ ಹಿರಿಯರು ಸಣ್ಣ ಕೂಸನ್ನು ತೋರಿಸಿ, "ಇದು ಮಂದ, ಇದರ ಹಣೆಬರಹವೇ ಇಷ್ಟು" ಎಂದುಬಿಡುತ್ತಾರೆ. ಆ ಮಾತು ಬೇರೂರಿದ ಮೇಲೆ ಹಾಲು ಮೊದಲು ದೊಡ್ಡದಕ್ಕೆ, ಮುಂದೆ ಶಾಲೆಯೂ ಮೊದಲು ದೊಡ್ಡದಕ್ಕೆ. ಸಣ್ಣದು ಹೆಣ್ಣಾದರಂತೂ ಹೇಳುವುದೇ ಬೇಡ.

ಮೈತೂಕವೂ ಬುದ್ಧಿಯೂ ವಂಶದಿಂದ ಬರುತ್ತವೆಯೇ ಎಂದು ನೀವು ಕೇಳಬಹುದು. ಭಾಗಶಃ ಬರುತ್ತವೆ. ಇದನ್ನು ನಮಗೆ ತಿಳಿಸಿಕೊಟ್ಟವರೂ ಅವಳಿಗಳೇ. ಒಂದೇ ಅಂಡವು ಎರಡಾಗಿ ಒಡೆದು ಬೆಳೆದ ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ ಆಗಿರುತ್ತವೆ; ಎರಡು ಅಂಡಗಳಿಂದ ಹುಟ್ಟಿದವರು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಒಡಹುಟ್ಟಿದವರಷ್ಟೇ ಪರಸ್ಪರ ಹೋಲುತ್ತಾರೆ. ಸ್ವೀಡನ್ ದೇಶದಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳೂ ಪ್ರಾಯಕ್ಕೆ ಬಂದ ಮೇಲೆ ಮೈತೂಕದಲ್ಲಿ ಬಹಳಮಟ್ಟಿಗೆ ಒಂದೇ ತೆರನಾಗಿದ್ದುದು 1990ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು.

ಆದರೆ ಹುಟ್ಟಿದ ದಿನದ ತೂಕದ ಸಂಗತಿಯೇ ಬೇರೆ. ತದ್ರೂಪಿ ಅವಳಿಗಳಲ್ಲಿಯೇ ಒಂದು ಎರಡೂವರೆ ಕಿಲೋ, ಇನ್ನೊಂದು ಎರಡು ಕಿಲೋ ಇರುವುದುಂಟು. ವಂಶ ಒಂದೇ ಆಗಿರುವಾಗ ಈ ಅಂತರ ಎಲ್ಲಿಂದ ಬಂತು? ಒಂದೇ ಕಾಲುವೆಯ ನೀರು ಎರಡು ಗದ್ದೆಗಳಿಗೆ ಹರಿಯುವುದನ್ನು ನೀವು ಬಲ್ಲಿರಿ. ಮೇಲಿನ ಗದ್ದೆಗೆ ಹೆಚ್ಚು, ಕೊನೆಯ ಗದ್ದೆಗೆ ಕಡಿಮೆ; ಬಿತ್ತಿದ ಬೀಜ ಮಾತ್ರ ಒಂದೇ. ಗರ್ಭದೊಳಗೆ ಮಾಸಿನಿಂದ ಬರುವ ರಕ್ತವೂ ಎರಡು ಕೂಸುಗಳಿಗೆ ಹಾಗೆಯೇ ಹೆಚ್ಚು ಕಡಿಮೆಯಾಗಿ ಹಂಚಿಹೋಗುತ್ತದೆ. ಅದರಲ್ಲಿ ಕೂಸಿನ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ.

ಹಾಗಾದರೆ ಈ ಅಂತರ ಬುದ್ಧಿಗೂ ತಟ್ಟುವುದೇ? ನಾರ್ವೆ ದೇಶದಲ್ಲಿ ಹುಟ್ಟಿದ ಅವಳಿಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಹೊರಬಂದಿತು. ಅಲ್ಲಿ ಯುವಕರು ಸೇನೆಗೆ ಸೇರುವ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗೆ ಒಳಗಾಗುತ್ತಿದ್ದುದರಿಂದ ಇಬ್ಬರನ್ನೂ ಹೋಲಿಸುವುದು ಸಾಧ್ಯವಾಯಿತು. ಹುಟ್ಟುವಾಗ ಹೆಚ್ಚು ತೂಗಿದವನು ಸರಾಸರಿಯಲ್ಲಿ ತುಸು ಮುಂದಿದ್ದುದು ನಿಜ. ಆದರೆ ಅದು ತುಸುವೇ. ಒಂದು ಮಗುವನ್ನು ನೋಡಿ "ಇದು ಮಂದ" ಎಂದು ತೀರ್ಪು ಕೊಡಲು ಆ ಅಂತರ ಏನೇನೂ ಸಾಲದು. ಹಸಿವು, ಪದೇ ಪದೇ ಬರುವ ಭೇದಿ, ರಕ್ತಹೀನತೆ, ಅಯೋಡಿನ್ ಕೊರತೆ, ಮಾತನಾಡಿಸುವವರೇ ಇಲ್ಲದ ಮೂಲೆ, ಇವು ಮಗುವಿನ ಬುದ್ಧಿಯನ್ನು ಕುಗ್ಗಿಸಬಲ್ಲವು. ಇವುಗಳಲ್ಲಿ ಹೆಚ್ಚಿನವು ಬರುವುದು ಹುಟ್ಟಿದ ಮೇಲೆ, ನಮ್ಮ ಕಣ್ಣೆದುರಿಗೆ. ತೀರ ಅವಧಿಗೆ ಮುನ್ನ, ಬಹಳ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆ ಮಾತ್ರ ಕಣ್ಣು, ಕಿವಿ, ಬೆಳವಣಿಗೆಗಳ ತಪಾಸಣೆ ತಪ್ಪದೆ ನಡೆಯಬೇಕು.

ಅವಳಿ ಗರ್ಭವೆಂದು ತಿಳಿದೊಡನೆ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿರಿ; ಕಬ್ಬಿಣಾಂಶದ ಮಾತ್ರೆಗಳನ್ನು ಬಿಡಬೇಡಿರಿ. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸನ್ನು ಬರಿಮೈಯಲ್ಲಿ ಎದೆಗೆ ಒತ್ತಿ, ಮೇಲೆ ಬಟ್ಟೆ ಹೊದೆಸಿ ಬೆಚ್ಚಗಿಡಬೇಕು. ತಾಯಿಯ ಎದೆಯಲ್ಲಿ ಒಂದು ಕೂಸಿದ್ದಾಗ ಇನ್ನೊಂದು ತಂದೆಯ ಎದೆಯಲ್ಲಿರಲಿ. ಗಂಡಸರಿಗೆ ಇದು ತಕ್ಕದ್ದಲ್ಲವೆಂದು ನಗುವವರು ನಗಲಿ. ಇಬ್ಬರಿಗೆ ಎದೆಹಾಲು ಸಾಲದೆಂಬ ಭಯವೂ ಬೇಡ. ಮಕ್ಕಳು ಎಷ್ಟು ಹೀರುವುವೋ ಅದಕ್ಕೆ ತಕ್ಕಂತೆ ಹಾಲು ಹೆಚ್ಚುತ್ತದೆ. ಸಣ್ಣ ಕೂಸು ಬೇಗ ದಣಿಯುವುದರಿಂದ ಅದಕ್ಕೆ ಮೇಲಿಂದ ಮೇಲೆ ಕುಡಿಸಬೇಕು. ದಣಿದ ತಾಯಿಗೆ ಮುಂದಿನ ಗರ್ಭಕ್ಕೆ ಮುನ್ನ ಕನಿಷ್ಠ ಎರಡು ವರ್ಷ ಬಿಡುವು ಸಿಗಬೇಕು. ಆ ವಿಚಾರವನ್ನು ದಂಪತಿಗಳಿಬ್ಬರೂ ಕೂಡಿಯೇ ನಮ್ಮೊಡನೆ ಮಾತನಾಡಿರಿ.

ಅಂಗನವಾಡಿಯಲ್ಲಿ ತೂಕ ಮಾಡಿಸುವಾಗ ಎರಡು ಮಕ್ಕಳಿಗೆ ಎರಡು ಕಾರ್ಡುಗಳಿರಲಿ. ಸಣ್ಣದರ ಗೆರೆ ದೊಡ್ಡದರ ಗೆರೆಯನ್ನು ಮುಟ್ಟಿತೇ ಎಂದು ನೋಡಬೇಡಿರಿ. ಹೋದ ತಿಂಗಳಿಗಿಂತ ತಾನು ಮೇಲೇರಿದೆಯೇ ಎಂದು ನೋಡಿರಿ. ಒಂದು ತಿಂಗಳು ಏರದೆ ನಿಂತರೂ ಆ ಕೂಸನ್ನು ಕಾರ್ಡಿನೊಡನೆ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.