ಹೊಸಿಲಲ್ಲೇ ತಡೆಯಬೇಕಾದ ವಿಷ



ಆರೋಗ್ಯದ ಬಗ್ಗೆ ಮಾತಾಡು ಎಂದಾಗ ಹಿಂಜರಿದೆ. ನಾನು ಡಾಕ್ಟರ್ ಅಲ್ಲ. ಎಂ.ಟೆಕ್ ಮಾಡಿದ್ದು ಬಯೋಟೆಕ್ನಾಲಜಿ, ಕೆಲಸ ಸಾಫ್ಟ್‌ವೇರಿನಲ್ಲಿ. ಆದರೆ ಬೆಂಗಳೂರಿನಿಂದ ಪುಣೆಗೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮಗಳ 5ನೇ ವರ್ಷದ ಡಿಪಿಟಿ ಬೂಸ್ಟರ್ ಮರೆತೇಹೋಯಿತು. ಕಾರ್ಡು ಯಾವುದೋ ಡಬ್ಬದಲ್ಲಿತ್ತು. ಇದನ್ನೇ ಓದಿದವಳು ಹೀಗೆ ಮಾಡಿದೆನಲ್ಲ ಎಂಬ ನಾಚಿಕೆಯಿಂದ ಈ ವಿಷಯ ಆರಿಸಿಕೊಂಡೆ.

ಡಿಪಿಟಿಯ ‘ಡಿ’ ಎಂದರೆ ಡಿಫ್ತೀರಿಯಾ, ನಮ್ಮ ಅಜ್ಜಿಯಂದಿರ ಗಂಟಲಮಾರಿ. ನನ್ನ ಅಜ್ಜಿಯ ತಮ್ಮ ಇದರಿಂದಲೇ ಹೋದನಂತೆ. ಬ್ಯಾಕ್ಟೀರಿಯಾ ಗಂಟಲಲ್ಲೇ ಕೂತಿರುತ್ತದೆ. ಅದು ಬಿಡುವ ವಿಷ ರಕ್ತ ಸೇರಿ ಹೃದಯಕ್ಕೆ, ನರಗಳಿಗೆ ತಲುಪುತ್ತದೆ. ಬ್ಯಾಕ್ಟೀರಿಯಾ ಸೋಸಿ ತೆಗೆದ ದ್ರವವೂ ಪ್ರಾಣಿಗಳನ್ನು ಕೊಲ್ಲುತ್ತದೆಂದು 1888ರಲ್ಲೇ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ತೋರಿಸಿದ್ದರು.

ಈ ವಿಷ ಒಂದು ಪ್ರೋಟೀನ್. ರಕ್ತದಲ್ಲಿ ತೇಲಬೇಕಾದರೆ ಅದರ ಮೈ ನೀರಿಗೆ ಒಗ್ಗಬೇಕು. ಜೀವಕೋಶದ ಪೊರೆಯೋ ಎಣ್ಣೆಯಂಥದ್ದು. ಅದನ್ನು ದಾಟಲು ಎಣ್ಣೆಗೆ ಒಗ್ಗುವ ಭಾಗ ಬೇಕು. ಎರಡೂ ಹೇಗೆ ಸಾಧ್ಯ? ಎಣ್ಣೆಗೆ ಒಗ್ಗುವ ಭಾಗವನ್ನು ಅದು ಒಳಗೆ ಮಡಚಿಟ್ಟುಕೊಂಡಿರುತ್ತದೆ. ಮೊದಲು ಅದರ ಒಂದು ತುದಿ ಜೀವಕೋಶದ ಮೇಲಿರುವ ಒಂದು ಪ್ರೋಟೀನಿಗೆ ಅಂಟುತ್ತದೆ. (ಇಲಿಗಳಲ್ಲಿ ಆ ಪ್ರೋಟೀನ್ ತುಸು ಬೇರೆ, ಹಾಗಾಗಿ ವಿಷ ಅಂಟುವುದಿಲ್ಲ. ಇಲಿಯ ಅದೃಷ್ಟ!) ಜೀವಕೋಶ ತನ್ನ ಅಭ್ಯಾಸದಂತೆ ಅದನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಂಡು ಚೀಲವನ್ನು ಹುಳಿಯಾಗಿಸುತ್ತದೆ. ಎಡವಟ್ಟಾಗುವುದು ಅಲ್ಲೇ. ಹಾಲಿಗೆ ನಿಂಬೆರಸ ಹಿಂಡಿದರೆ ಅದರ ಪ್ರೋಟೀನಿನ ಮೇಲ್ಮೈಯ ವಿದ್ಯುದಂಶ ಬದಲಾಗಿ ಹಾಲು ಒಡೆಯುತ್ತದಲ್ಲ, ಇಲ್ಲೂ ಹುಳಿ ತಾಗಿ ಮಡಿಕೆ ಬಿಚ್ಚುತ್ತದೆ. ಬಚ್ಚಿಟ್ಟ ಭಾಗ ಪೊರೆಯೊಳಗೆ ತೂರಿ ದಾರಿ ಮಾಡುತ್ತದೆ. ವಿಷದ ಕೊಲ್ಲುವ ತುಂಡು ಅಲ್ಲಿಂದ ನುಸುಳಿ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆ ತುಂಡಿನ ಒಂದೇ ಒಂದು ಅಣು ಒಳಸೇರಿದರೂ ಜೀವಕೋಶ ಸಾಯುತ್ತದೆಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅದೇ ತುಂಡು ಒಂಟಿಯಾಗಿ ಹೊರಗಿದ್ದರೆ ಏನೂ ಮಾಡಲಾರದು.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೂ ಹೊರಗಿರುವ ವಿಷವನ್ನಷ್ಟೇ ಹಿಡಿಯುತ್ತದೆ. ಒಳಹೊಕ್ಕದ್ದು ಅದರ ಕೈಗೆ ಸಿಗುವುದಿಲ್ಲ. ಡಾಕ್ಟರುಗಳು ಲ್ಯಾಬ್ ರಿಪೋರ್ಟಿಗೂ ಕಾಯದೆ ಅದನ್ನು ಕೊಡುವುದು ಇದಕ್ಕೇ.

ಲಸಿಕೆಯಲ್ಲಿರುವುದೂ ಇದೇ ವಿಷ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ಟನ್ ರಮೋನ್ ಇದಕ್ಕೆ ಫಾರ್ಮಲಿನ್ ಬೆರೆಸಿ ವಾರಗಟ್ಟಲೆ ಬೆಚ್ಚಗಿಟ್ಟರು. ಫಾರ್ಮಲಿನ್ ವಿಷದ ಮೈಗೆ ಅಲ್ಲಲ್ಲಿ ಹೊಲಿಗೆ ಹಾಕಿದ ಹಾಗೆ. ಕೊಲ್ಲುವ ಶಕ್ತಿ ಹೋಗುತ್ತದೆ, ಚಹರೆ ಉಳಿಯುತ್ತದೆ. ನಮ್ಮ ದೇಹ ಆ ಚಹರೆಯನ್ನು ನೆನಪಿಟ್ಟುಕೊಳ್ಳುತ್ತದೆ. ವರ್ಷ ಕಳೆದಂತೆ ನೆನಪು ಮಾಸುತ್ತದೆ, ಅದಕ್ಕೇ ಬೂಸ್ಟರ್.

ಮಗಳಿಗೆ ತಡವಾಗಿಯಾದರೂ ಹಾಕಿಸಿದೆ. ಕಾರ್ಡಿನ ಫೋಟೋ ಈಗ ಫೋನಿನಲ್ಲಿದೆ. 10 ಮತ್ತು 16ನೇ ವರ್ಷಕ್ಕೆ, ಗರ್ಭಿಣಿಯರಿಗೂ, ಮೊದಲಿನ ಟಿಟಿ ಬದಲು ಈಗ ಟಿಡಿ ಕೊಡುತ್ತಾರೆ. ಅದರ ‘ಡಿ’ ಕೂಡ ಇದೇ. ದೊಡ್ಡ ಮಕ್ಕಳಿರುವ ಅಕ್ಕಂದಿರು ಊಟಕ್ಕೆ ಏಳುವ ಮೊದಲು ಒಮ್ಮೆ ಮನೆಗೆ ಫೋನ್ ಮಾಡಿ, ಕಾರ್ಡು ಎಲ್ಲಿದೆ ಎಂದು ಕೇಳಿಬಿಡಿ.